ಕಾರ್ಕ್‌ನದಾ, ಡಾಗೆನ್‌ಹ್ಯಾಮ್‌ನದಾ? ನನ್ನ ಫೋರ್ಡ್‌ಸನ್ ಜಾತಕ

ಈ ಟ್ರ್ಯಾಕ್ಟರ್ ತಂದ ದಿನ ಜೊತೆಯವರೆಲ್ಲ ನಕ್ಕಿದ್ದರು. ಫೋರ್ಡ್ ಕಂಪನಿಯ ಹಳೇ ಫೋರ್ಡ್‌ಸನ್ ಮಾಡೆಲ್ ಎನ್, ಮೈತುಂಬ ಕಿತ್ತಳೆ ಬಣ್ಣ. ಕಿತ್ತಳೆ ಅಂದರೆ 1937ರಿಂದ ಈಚಿನದು, ಇಂಗ್ಲೆಂಡಿನ ಡಾಗೆನ್‌ಹ್ಯಾಮ್ ಕಾರ್ಖಾನೆಯ ಮಾಲು, ಅಂಥವು ಬೇಕಾದಷ್ಟು ಸಿಗುತ್ತವೆ ಅಂದುಬಿಟ್ಟರು. ಈಚೆಗೆ ನಕ್ಕವರಲ್ಲೇ ಒಬ್ಬರು ಬಂದು, ನಾನು ಕೊಂಡ ಬೆಲೆಯ ಹೆಚ್ಚುಕಡಿಮೆ ನಾಲ್ಕು ಪಟ್ಟಿಗೆ ಕೇಳಿದರು. ಕೊಡಲಿಲ್ಲ.

ಬುದ್ಧಿ ಬಂದದ್ದು ಮಾತ್ರ ಇದರಿಂದಲ್ಲ. ಅದಕ್ಕೂ ಮೊದಲು ಒಂದು ಫರ್ಗ್ಯುಸನ್ ಟ್ರ್ಯಾಕ್ಟರ್‌ನಲ್ಲಿ ಕೈ ಸುಟ್ಟುಕೊಂಡಿದ್ದೆ. ಇಂಗ್ಲೆಂಡಿನ ಕವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯ ಶುರುವಿನ ಟಿಇ20 ಮಾಡೆಲ್, ಒಳಗೆ ಅಮೆರಿಕದ ಕಾಂಟಿನೆಂಟಲ್ ಎಂಜಿನ್ ಅಂತ ಹೇಳಿ ಮಾರಿದರು. ಶುರುವಿನವಕ್ಕೆ ಆ ಎಂಜಿನ್ನೇ ಇತ್ತಲ್ವಾ, ಸ್ಟ್ಯಾಂಡರ್ಡ್ ಎಂಜಿನ್ ಬಂದಿದ್ದು ಆಮೇಲೆ. ಹಾಗಾಗಿ ನಂಬಿದೆ. ಮನೆಗೆ ತಂದು ತೊಳೆದಾಗ ನೋಡಿದರೆ ನಂಬರ್ ಪ್ಲೇಟಿನ ರಿವೆಟ್ ಹೊಳೆಯುತ್ತಿತ್ತು. ಪ್ಲೇಟೇ ಹೊಸದು! ಗೇರ್‌ಬಾಕ್ಸ್ ಎರಕದ ಮೇಲಿನ ತಾರೀಖು ಐವತ್ತರ ದಶಕದ್ದು. ಇದರ ಅಮೆರಿಕದ ರೂಪವಾದ ಡೆಟ್ರಾಯಿಟ್‌ನ ಟಿಒ20ಯ ಎಂಜಿನ್ ತೆಗೆದು ಇದಕ್ಕೆ ಕೂರಿಸಿದ್ದರು. ಬ್ಯಾನರ್ ಲೇನ್‌ನಿಂದ ಐದು ಲಕ್ಷಕ್ಕೂ ಜಾಸ್ತಿ ಟಿಇ20 ಹೊರಬಂದಿವೆ, ಡೆಟ್ರಾಯಿಟ್‌ನ ಟಿಒ20 ಅರವತ್ತು ಸಾವಿರದ ಆಸುಪಾಸು. ಇಡೀ ಟಿಒ20ಯನ್ನೇ ನಿಜ ಹೇಳಿ ಮಾರಿದ್ದರೆ ಖುಷಿಯಿಂದ ಕೊಳ್ಳುತ್ತಿದ್ದೆ. ಈ ಬೆರಕೆಯನ್ನು ಬಿಚ್ಚಿ ಬಿಡಿಭಾಗವಾಗಿ ಮಾರಿದೆ. ಹಾಕಿದ ದುಡ್ಡಲ್ಲಿ ಅರ್ಧ ಬಂದಿರಬಹುದು.

ಅವತ್ತಿನಿಂದ ಮಾರುವವರ ಬಾಯಿಮಾತು, ಪ್ಲೇಟು, ಬಣ್ಣ ಮೂರನ್ನೂ ನಂಬುವುದು ಬಿಟ್ಟೆ. ಲೋಹದ ಭಾಗಗಳ ಎರಕದಲ್ಲೇ ಮೂಡಿರುವ ಗುರುತು ಓದುವುದನ್ನು ಕಲಿತೆ.

ಫೋರ್ಡ್‌ಸನ್‌ಗೆ ಬರೋಣ. ಎನ್ ಮಾಡೆಲ್ ಐರ್ಲೆಂಡಿನ ಕಾರ್ಕ್‌ನಲ್ಲಿ ತಯಾರಾಗಿದ್ದು 1929ರಿಂದ 1932ರವರೆಗೆ ಮಾತ್ರ. 1933ರಿಂದ ಡಾಗೆನ್‌ಹ್ಯಾಮ್, ಅಲ್ಲಿ 1945ರವರೆಗೂ ನಡೆಯಿತು. ಅಮೆರಿಕದಲ್ಲಿ ಫೋರ್ಡ್‌ಸನ್ ಮಾಡುವುದು 1928ರಲ್ಲೇ ನಿಂತಿದ್ದರಿಂದ ಕಾರ್ಕ್‌ನವು ಅಲ್ಲಿಗೂ ಹೋದವು. ನಾಲ್ಕು ವರ್ಷದ ಮಾಲು, ಅದೂ ಕಡಲಿನ ಎರಡೂ ದಡಕ್ಕೆ ಹಂಚಿಹೋಗಿದೆ. ಜನ ಹುಡುಕುವುದು ಅದಕ್ಕೇ.

ನಂಬರ್ ಇರುವುದು ಎಂಜಿನ್ ಬ್ಲಾಕಿನ ಮೇಲೆ. ನನ್ನ ನೆನಪಿನ ಪ್ರಕಾರ 7,79,000ದ ಆಸುಪಾಸಿನವರೆಗೆ ಕಾರ್ಕ್, ಮುಂದಿನದು ಡಾಗೆನ್‌ಹ್ಯಾಮ್. ನನ್ನದರಲ್ಲಿ ಮೊದಲ ಎರಡಂಕಿ 76 ಅಂತ ಕಂಡಾಗ ಎದೆ ಹೊಡೆದುಕೊಂಡಿತು. ಉಳಿದವು ಸವೆದಿದ್ದವು. ಗ್ರೈಂಡರ್ ಮುಟ್ಟಿಸದೆ ಅವನ್ನು ಹೇಗೆ ಓದಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಅಷ್ಟಕ್ಕೇ ಕುಣಿಯುವ ಹಾಗಿರಲಿಲ್ಲ. ಫೋರ್ಡ್‌ಸನ್‌ಗೆ ಚಾಸಿ ಇಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟ್ ಆಗಿರುತ್ತವೆ. ಬ್ಲಾಕ್ ಬದಲಾದರೆ ಜಾತಕವೇ ಬದಲಾಗುತ್ತದೆ. ಅದಕ್ಕೇ ಎರಡು ವಾರ ಹಿಂದಿನ ಭಾಗದಡಿ ಅಂಗಾತ ಮಲಗಿ, ವೈರ್ ಬ್ರಷ್‌ನಲ್ಲಿ ಗ್ರೀಸಿನ ಹೆಂಟೆ ಕೆರೆಯುತ್ತ ಒಂದೊಂದೇ ಎರಕದ ಗುರುತು ಬರೆದುಕೊಂಡೆ. ಹಿಂದುಮುಂದು ತಾಳೆಯಾಯಿತು. ಪೆಟ್ರೋಲ್ ಟ್ಯಾಂಕಿನ ಪಟ್ಟಿ ಬಿಚ್ಚಿದರೆ ಕಿತ್ತಳೆಯ ಕೆಳಗೆ ಕಾರ್ಕ್‌ನವಕ್ಕೆ ಬಳಿಯುತ್ತಿದ್ದ ಬೂದು ಬಣ್ಣ, ಉಗುರಿನಷ್ಟಗಲ. ಯಾರೋ ಆಮೇಲೆ ಕಿತ್ತಳೆ ಬಳಿದಿದ್ದರು ಅಷ್ಟೆ. ಆ ಚೂರನ್ನು ಹಾಗೇ ಬಿಟ್ಟಿದ್ದೇನೆ.

ನಡುವೆ ತುಕ್ಕಿಗೆ ಕಾಕಂಬಿ ಪ್ರಯೋಗವನ್ನೂ ಮಾಡಿದೆ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಸುಮಾರು ಮೂರು ವಾರ. ಬೋಲ್ಟ್‌ಗಳು ಬೆಳ್ಳಗೆ ಬಂದವು, ವಾಸನೆಗೆ ಮನೆಯವರು ಮಾತು ಬಿಟ್ಟರು.

ದೊಡ್ಡ ನಷ್ಟ ತಪ್ಪಿದ್ದು ಒಂದೇ ಹಟದಿಂದ. ಚೆನ್ನಾಗಿರುವ ಡಾಗೆನ್‌ಹ್ಯಾಮ್ ಬಿಡಿಭಾಗ ಅಗ್ಗಕ್ಕೆ ಸಿಕ್ಕರೂ ಹಾಕಲಿಲ್ಲ, ಹಳೆಯದನ್ನೇ ಬೆಸುಗೆ ಹಾಕಿಸಿದೆ. ಜರ್ಮನಿಯ ಲಾನ್ಜ್ ಬುಲ್‌ಡಾಗ್ ಟ್ರ್ಯಾಕ್ಟರಿನ ನಕಲಾದ ಪೋಲೆಂಡ್‌ನ ಉರ್ಸುಸ್ ಸಿ-45ಗೆ ಬಣ್ಣ ಬಳಿದು, ಇದು ಮ್ಯಾನ್‌ಹೈಮ್‌ನ ಅಸಲಿ ಬುಲ್‌ಡಾಗ್ ಅನ್ನುವವರಿಗೂ ಇದೇ ಹೇಳುತ್ತೇನೆ: ಉರ್ಸುಸ್ಸನ್ನು ಉರ್ಸುಸ್ ಆಗಿರಲು ಬಿಡಿ, ಅದನ್ನೇ ಹುಡುಕುವವರಿದ್ದಾರೆ.

ಅಂದಹಾಗೆ, ನಾಲ್ಕು ಪಟ್ಟು ಕೊಡುತ್ತೇನೆ ಅಂದವರು ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ ನೋಡಲೇ ಇಲ್ಲ. ಅದು ಆಮೇಲಿನದು. ಸರಿಯಾದದ್ದಕ್ಕೆ ಇನ್ನೂ ಹುಡುಕುತ್ತಿದ್ದೇನೆ.