ಟಿಪ್ಪರ್‌ಗಳನ್ನು ನಿಲ್ಲಿಸಿದ್ದು ಹೇಗೆ: ನನ್ನ ಅನುಭವ

ನಮ್ಮೂರಿನ ಗುಡ್ಡದಲ್ಲಿ ಕಲ್ಲು ಕ್ವಾರಿ ಶುರುವಾದ ಮೇಲೆ ಮನೆ ಗೋಡೆಗಳು ಬಿರುಕು ಬಿಟ್ಟವು, ಬಾವಿ ನೀರು ಬಗ್ಗಡವಾಯಿತು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ರಸ್ತೆಗೆ ಇಳಿಯೋಣ ಅಂತ ತೀರ್ಮಾನ ಮಾಡಿದೆವು. ಟಿಪ್ಪರ್ ಗಾಜು ಒಡೆದರೆ ಬುದ್ಧಿ ಬರುತ್ತೆ ಅಂದರು ಹುಡುಗರು. ಅವರ ಸಿಟ್ಟು ನ್ಯಾಯವಾದದ್ದೇ. ಒಂದೇ ಪ್ರಶ್ನೆ ಕೇಳಿದೆ: ಈ ಕ್ವಾರಿ ಯಾರಿಂದ ನಡೀತಿದೆ?

ದೇವಸ್ಥಾನದ ಜಗಲಿ ಮೇಲೆ ಕೂತು ಪಟ್ಟಿ ಬರೆದೆವು. ಡ್ರೈವರ್‌ಗಳು, ಕಲ್ಲು ತುಂಬುವವರು, ದಾರಿಗೆ ಗದ್ದೆ ಬಿಟ್ಟುಕೊಟ್ಟ ರೈತರು, ನೀರಿನ ಟ್ಯಾಂಕರ್‌ನವರು, ಊಟ ಕಳಿಸುವ ಮನೆ. ಅರ್ಧಕ್ಕರ್ಧ ನಮ್ಮವರೇ! ಮಾಲೀಕರ ಹತ್ತಿರ ದುಡ್ಡಿತ್ತು, ಹೆದರಿಸುವ ಜನರೂ ಇದ್ದರು. ಆದರೆ ಇಷ್ಟು ಜನ ಕೈ ಬಿಟ್ಟರೆ ಒಂದು ಜಲ್ಲಿಕಲ್ಲೂ ಗುಡ್ಡ ಇಳಿಯುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಿರಿಯರು ಇದನ್ನು ಚೆನ್ನಾಗಿ ತಿಳಿದಿದ್ದರು. ಕರನಿರಾಕರಣೆ ಮಾಡಿದವರ ಆಸ್ತಿಯನ್ನು ಬ್ರಿಟಿಷ್ ಸರ್ಕಾರ ಜಪ್ತಿ ಮಾಡಿತು. ಜಪ್ತಿ ಮಾಡೋಕೆ ಪೊಲೀಸರು ಸಾಕು, ಹರಾಜಿನಲ್ಲಿ ಕೊಳ್ಳೋಕೆ ಜನ ಬೇಕಲ್ವಾ? 1932ರಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು ಕೊಂಡವರ ಮನೆ ಮುಂದೆಯೇ ಉಪವಾಸ ಕೂತರು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿ ಜನ ಕಳಸೆ ಕಾಡಿಗೆ ನಡೆದುಹೋಗಿ ಮರ ಅಪ್ಪಿಕೊಂಡರು. ಕೊಡಲಿ ಕೆಲಸ ನಿಂತಿತು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ.

ನಾವು ತಯಾರಿಗೇ ಜಾಸ್ತಿ ಸಮಯ ಕೊಟ್ಟೆವು. ಶಾಲೆ ಮೈದಾನದಲ್ಲಿ ಅಭ್ಯಾಸಕ್ಕೆಂದು ಅರ್ಧ ಜನ ಕೂತರು, ಉಳಿದವರು ಬೈದರು, ತಳ್ಳಿದರು, ಟವೆಲ್ ಹಿಡಿದು ಎಳೆದರು. ಕೂತವರು ಪಕ್ಕದವರ ತೋಳಿಗೆ ತೋಳು ಸೇರಿಸಿಕೊಂಡು ಕೂರಬೇಕು. ಕೈ ಕಟ್ಟಿಹೋದರೆ ಹೊಡೆಯೋಕೆ ಎತ್ತಲು ಆಗುವುದಿಲ್ಲ, ಭಯವೂ ಕಮ್ಮಿಯಾಗುತ್ತೆ. ಬೇಗ ರೇಗುವವರಿಗೆ ಹಿಂದೆ ನೀರು ಕೊಡುವ ಕೆಲಸ. ಪೊಲೀಸರ ಜೊತೆ ಮಾತಿಗೆ ಇಬ್ಬರೇ. ರಸ್ತೆಯಲ್ಲಿ ಕೂರುವ ದಿನ ಬೆಳಿಗ್ಗೆಯೇ ರಸ್ತೆ ಬದಿಯ ಸಡಿಲ ಕಲ್ಲುಗಳನ್ನೆಲ್ಲ ಆರಿಸಿ ದೂರ ಹಾಕಿಸಿದೆ.

ಆ ದಿನ ಕ್ವಾರಿಯ ಕಡೆಯವನೊಬ್ಬ ಮುಂದಿನ ಸಾಲಿನ ಹುಡುಗನಿಗೆ ಹೊಡೆದ. ಹುಬ್ಬಿನ ಮೇಲಿಂದ ರಕ್ತ ಇಳಿಯಿತು. ಪಕ್ಕದಲ್ಲಿದ್ದ ಅಕ್ಕ ಸೆರಗಿನಿಂದ ಒರೆಸಿ, ಟಿಪ್ಪರ್ ಡ್ರೈವರ್ ಕಡೆ ತಿರುಗಿ, "ತಮ್ಮಾ, ಇಳಿದು ಬಂದು ಮಜ್ಜಿಗೆ ಕುಡಿ. ಗಾಡಿ ಮಾತ್ರ ಬಿಡೋದಿಲ್ಲ" ಅಂದರು. ಅವನು ಸ್ವಲ್ಪ ಹೊತ್ತು ನೋಡಿದ. ಇಂಜಿನ್ ಆಫ್ ಮಾಡಿದ. ಹಿಂದಿದ್ದ ಗಾಡಿಗಳೂ ಒಂದೊಂದೇ ಆಫ್ ಆದವು.

ಆಡಿದ ಮಾತು ನಡೆಯುವಷ್ಟು ದಿನ ಯಾರೂ ಹೊಡೆಯೋಕೆ ಬರುವುದಿಲ್ಲ. ಹೊಡೆತ ಬಿತ್ತು ಅಂದರೆ ಅವರ ಮಾತು ಸೋತಿದೆ. ನಾವು ತಿರುಗಿ ಹೊಡೆದಿದ್ದರೆ ಆ ಡ್ರೈವರ್ ಮಾಲೀಕರ ಪಕ್ಷ ಸೇರುತ್ತಿದ್ದ, ನಮ್ಮ ಹುಡುಗರ ಮೇಲೆ ಕೇಸ್ ಬೀಳುತ್ತಿತ್ತು, ಕ್ವಾರಿ ವಿಷಯ ಅಲ್ಲಿಗೇ ಮರೆತುಹೋಗುತ್ತಿತ್ತು.

ಆಮೇಲೆ ಗದ್ದೆ ಬಿಟ್ಟವರು ದಾರಿಗೆ ಬೇಲಿ ಹಾಕಿದರು. ಸರ್ವೆ ಮುಗಿಯುವವರೆಗೆ ಕೆಲಸ ನಿಲ್ಲಿಸಿ ಅಂತ ಅಧಿಕಾರಿಗಳು ಹೇಳಿದ್ದಾರೆ. ನಾವು ರಸ್ತೆ ಕಾಯುವ ಪಾಳಿ ಬಿಟ್ಟಿಲ್ಲ. ಅಡಿಕೆ ಸುಗ್ಗಿ ಬಂದು ರಾತ್ರಿ ಪಾಳಿಗೆ ಜನ ಸಾಲುತ್ತಿಲ್ಲ, ಪಕ್ಕದೂರಿನವರನ್ನು ಕೇಳಿದ್ದೇವೆ.