ನಾಡದೋಣಿಯ ಇಂಜಿನ್ ಸ್ಟಾರ್ಟ್ ಆಗದಿದ್ದರೆ: ದೋಷ ಸ್ಟಾರ್ಟರಿನದೋ, ಕಂಪ್ರೆಶನ್‌ನದೋ?

ಮಲ್ಪೆ, ಗಂಗೊಳ್ಳಿ, ಕೋಡಿಬೆಂಗ್ರೆ, ಮಂಗಳೂರಿನ ಬೆಂಗ್ರೆ ಕಡೆಯ ನಾಡದೋಣಿಗಳಲ್ಲಿ ಹೆಚ್ಚಾಗಿ ಕಾಣುವುದು 8ರಿಂದ 9.9 ಎಚ್‌ಪಿಯ, ಎರಡು ಸಿಲಿಂಡರಿನ, ಸೀಮೆಎಣ್ಣೆಯಲ್ಲಿ ಓಡುವ ಟೂ-ಸ್ಟ್ರೋಕ್ ಔಟ್‌ಬೋರ್ಡ್. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದ್ದರೆ, 10 ಎಚ್‌ಪಿಯೊಳಗಿನ ನಾಡದೋಣಿಗೆ ದುಡಿಮೆಯ ಕಾಲವೇ ಅದು. ಅಳಿವೆ ಬಾಗಿಲಲ್ಲಿ ಇಂಜಿನ್ ನಿಂತು ಮತ್ತೆ ಏಳದಿದ್ದರೆ ದೋಣಿ ತೆರೆಗೆ ಅಡ್ಡ ಬೀಳುತ್ತದೆ. ಹಾಗಾಗಿ ಈ ಪರೀಕ್ಷೆಗಳನ್ನೆಲ್ಲ ದಡದಲ್ಲೇ ಮಾಡಿ ಮುಗಿಸಿ.

ಸ್ಟಾರ್ಟ್ ಆಗಲಿಲ್ಲ ಎಂದ ಕೂಡಲೇ ಹೊಸ ಪ್ಲಗ್, ಹೊಸ ಹಗ್ಗ, ಹೊಸ ಬ್ಯಾಟರಿ ತರುವವರೇ ಹೆಚ್ಚು. ಅದಕ್ಕೂ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಇಂಜಿನ್ ಸರಿಯಾಗಿ ತಿರುಗುತ್ತಲೇ ಇಲ್ಲವೇ, ಅಥವಾ ತಿರುಗಿಯೂ ಹತ್ತಿಕೊಳ್ಳುತ್ತಿಲ್ಲವೇ? ಮೊದಲನೆಯದಾದರೆ ಸ್ಟಾರ್ಟರ್ ನೋಡಿ. ಎರಡನೆಯದಾದರೆ ಇಂಧನ, ಕಿಡಿ, ಕಂಪ್ರೆಶನ್ (ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಗಾಳಿಯ ಒತ್ತಡ) ಈ ಮೂರರಲ್ಲಿ ಒಂದು ಕೆಟ್ಟಿರುತ್ತದೆ.

ಬಿಚ್ಚುವ ಮೊದಲು ನೋಡಬೇಕಾದ್ದು

ಸ್ಟಾಪ್ ಸ್ವಿಚ್ಚಿನ ಕ್ಲಿಪ್ (ಕಳಚಿದರೆ ಇಂಜಿನ್ ನಿಲ್ಲುತ್ತದೆ) ಜಾಗದಲ್ಲಿದೆಯೇ? ಗೇರ್ ನಿಜವಾಗಿ ನ್ಯೂಟ್ರಲ್‌ನಲ್ಲಿದೆಯೇ? ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಸಡಿಲಿಸಿದ್ದೀರಾ? ರಬ್ಬರ್ ಬಲ್ಬಿನ ಬಾಣದ ಗುರುತು ಇಂಜಿನ್ ಕಡೆಗಿರಬೇಕು, ಒತ್ತಿದಂತೆ ಬಲ್ಬ್ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಪೈಪಿನಲ್ಲೋ ಕನೆಕ್ಟರಿನಲ್ಲೋ ಗಾಳಿ ಎಳೆಯುತ್ತಿದೆ.

ಸೀಮೆಎಣ್ಣೆ ಇಂಜಿನ್‌ಗೆ ಇನ್ನೂ ಒಂದು ಕಾರಣವಿದೆ. ತಣ್ಣಗಿರುವಾಗ ಸೀಮೆಎಣ್ಣೆ ಸುಲಭವಾಗಿ ಆವಿಯಾಗುವುದಿಲ್ಲ. ಆದ್ದರಿಂದಲೇ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ದಡಕ್ಕೆ ಬರುವಾಗ ಕೊನೆಯ ಕೆಲವು ನಿಮಿಷ ಮತ್ತೆ ಪೆಟ್ರೋಲಿನಲ್ಲಿ ಓಡಿಸಿ ನಿಲ್ಲಿಸದಿದ್ದರೆ ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಬೆಳಿಗ್ಗೆ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಆಗ ಬಟ್ಟಲಿನ ಡ್ರೇನ್ ಸ್ಕ್ರೂ ಬಿಚ್ಚಿ ಖಾಲಿ ಮಾಡಿ, ಪ್ಲಗ್ ಒರೆಸಿ, ಪೆಟ್ರೋಲ್ ತುಂಬಿಸಿ.

ಪ್ಲಗ್ ಬಿಚ್ಚಿ ಎಳೆದು ನೋಡಿ

ಎರಡೂ ಪ್ಲಗ್ ತೆಗೆದು, ಸ್ಟಾಪ್ ಕ್ಲಿಪ್ ಕಳಚಿ, ಹಗ್ಗ ನಿಧಾನಕ್ಕೆ ಎಳೆಯಿರಿ. ಪ್ಲಗ್ ಇದ್ದಾಗ ಬಿಗಿ, ತೆಗೆದ ಮೇಲೆ ಸಲೀಸು ಎಂದಾದರೆ ಅದು ಕಂಪ್ರೆಶನ್‌ನ ತಡೆ, ಇರಲೇಬೇಕಾದ್ದು. ಪ್ಲಗ್ ತೆಗೆದರೂ ಅಲ್ಲಾಡದಿದ್ದರೆ ಪಿಸ್ಟನ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ತುಕ್ಕು ಹಿಡಿದಿದೆ. ಪ್ಲಗ್ ತೂತಿನಿಂದ ನೀರು ಚಿಮ್ಮಿದರೆ ಸಿಲಿಂಡರಿಗೆ ನೀರು ಹೊಕ್ಕಿದೆ. ಹಾಗಿದ್ದಾಗ ಪ್ಲಗ್ ಹಾಕಿ ಬಲವಾಗಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ನೀರು ಪೂರ್ತಿ ಹೊರಬರುವವರೆಗೆ ಪ್ಲಗ್ ಹಾಕಬೇಡಿ. ಪ್ಲಗ್ ಇದ್ದಾಗಲೂ ಹಗ್ಗ ಸಲೀಸಾಗಿ ಬಂದು, ಫ್ಲೈವೀಲ್ ತಡೆಯಿಲ್ಲದೆ ತಿರುಗಿದರೆ ಕಂಪ್ರೆಶನ್ ಭಾಗಕ್ಕೆ ಹೋಗಿ.

ಹಗ್ಗದ ಸ್ಟಾರ್ಟರ್

ಹಗ್ಗ ಬರುತ್ತದೆ, ಫ್ಲೈವೀಲ್ ತಿರುಗುವುದಿಲ್ಲ ಎಂದರೆ ಒಳಗಿನ ಪಾಲ್ (ಫ್ಲೈವೀಲನ್ನು ಹಿಡಿಯುವ ಕೊಕ್ಕೆ) ಹೊರಕ್ಕೆ ಚಾಚಿಕೊಳ್ಳುತ್ತಿಲ್ಲ. ಉಪ್ಪು ಮತ್ತು ಹಳೆಯ ಗ್ರೀಸ್ ಸೇರಿ ಅದರ ಸಣ್ಣ ಸ್ಪ್ರಿಂಗನ್ನು ಹಿಡಿದಿರುತ್ತವೆ. ಮೇಲಿನ ಕವರಿನ ಬೋಲ್ಟ್ ಬಿಚ್ಚಿ, ಪಾಲ್ ಮತ್ತು ಸ್ಪ್ರಿಂಗ್ ತೊಳೆದು, ನೀರಿಗೆ ಕರಗದ ಮರೀನ್ ಗ್ರೀಸನ್ನು ತೆಳ್ಳಗೆ ಹಚ್ಚಿ. ಹೆಚ್ಚು ಹಚ್ಚಿದರೆ ಅದೇ ಅಂಟಾಗುತ್ತದೆ.

ಹಗ್ಗ ಹಿಂದಕ್ಕೆ ಸುತ್ತಿಕೊಳ್ಳದಿದ್ದರೆ ದೊಡ್ಡ ಸುರುಳಿ ಸ್ಪ್ರಿಂಗ್ ತುಂಡಾಗಿದೆ, ಇಲ್ಲವೇ ಕೊಕ್ಕೆಯಿಂದ ಜಾರಿದೆ. ರೀಲ್ ಎತ್ತುವಾಗ ಈ ಸ್ಪ್ರಿಂಗ್ ಹಾರಿ ಮುಖಕ್ಕೆ ಹೊಡೆಯಬಲ್ಲದು. ಕನ್ನಡಕ, ಕೈಗವಸು ಬೇಕೇ ಬೇಕು. ಹೊಸ ಹಗ್ಗ ಹಳೆಯದರಷ್ಟೇ ದಪ್ಪ, ಅಷ್ಟೇ ಉದ್ದವಿರಲಿ. ಜೋಡಿಸಿದ ಮೇಲೆ ಹಗ್ಗವನ್ನು ಪೂರ್ತಿ ಎಳೆದು ಹಿಡಿದು, ರೀಲನ್ನು ಕೈಯಿಂದ ಇನ್ನಷ್ಟು ತಿರುಗಿಸಿ ನೋಡಿ. ಸುಮಾರು ಅರ್ಧ ಸುತ್ತಾದರೂ ತಿರುಗಬೇಕು. ತಿರುಗದಿದ್ದರೆ ಸ್ಪ್ರಿಂಗನ್ನು ಮಿತಿಮೀರಿ ಬಿಗಿದಿದ್ದೀರಿ, ಬೇಗ ತುಂಡಾಗುತ್ತದೆ.

ಗೇರ್ ನ್ಯೂಟ್ರಲ್‌ನಲ್ಲಿದ್ದರೂ ಹಗ್ಗ ಲಾಕ್ ಆದಂತಿದ್ದರೆ ನ್ಯೂಟ್ರಲ್ ಲಾಕಿನ (ಗೇರಿನಲ್ಲಿರುವಾಗ ಹಗ್ಗ ಎಳೆಯಲು ಬಿಡದ ವ್ಯವಸ್ಥೆಯ) ಕೇಬಲ್ ಸಡಿಲವಾಗಿದೆಯೇ ನೋಡಿ, ಹೊಂದಿಸಿ. ದೋಣಿಯಲ್ಲಿ ತುದಿಗೆ ಗಂಟು ಹಾಕಿದ ಬಿಡಿ ಹಗ್ಗವೊಂದು ಸದಾ ಇರಲಿ. ಹಗ್ಗದ ಸ್ಟಾರ್ಟರ್ ಕೆಟ್ಟರೆ ಕವರ್ ಬಿಚ್ಚಿ, ಗಂಟನ್ನು ಫ್ಲೈವೀಲಿನ ಕಚ್ಚಿಗೆ ಸಿಕ್ಕಿಸಿ, ಪ್ರದಕ್ಷಿಣೆಯ ದಿಕ್ಕಿನಲ್ಲಿ ಸುತ್ತಿ ಎಳೆದರಾಯಿತು. ಆಗ ನ್ಯೂಟ್ರಲ್ ಲಾಕ್ ಕೆಲಸ ಮಾಡುವುದಿಲ್ಲ. ಗೇರ್ ನೋಡದೆ ಎಳೆದರೆ ದೋಣಿ ಮುನ್ನುಗ್ಗಿ ಜನ ನೀರಿಗೆ ಬೀಳುತ್ತಾರೆ. ಓಡುತ್ತಿರುವ ಇಂಜಿನ್‌ಗೆ ಕವರ್ ಹಾಕಲು ಹೋಗಬೇಡಿ.

ಸೆಲ್ಫ್ ಸ್ಟಾರ್ಟರ್ ಇದ್ದರೆ

ಮಲ್ಟಿಮೀಟರ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಬ್ಯಾಟರಿ ದುರ್ಬಲ. ಇಳಿಯದೆಯೂ ಸ್ಟಾರ್ಟರ್ ನಿಧಾನವಾದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಇಟ್ಟು ಸ್ಟಾರ್ಟ್ ಒತ್ತಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ತಂತಿಯ ತುದಿಯಲ್ಲಿ ಹಸಿರು ಕಿಲುಬು ಕುಳಿತಿದೆ. ನಮ್ಮ ಉಪ್ಪುಗಾಳಿಯಲ್ಲಿ ಕಾರಣ ಹೆಚ್ಚಾಗಿ ಇದೇ. ‘ಟಕ್’ ಎಂಬ ಸದ್ದು ಮಾತ್ರ ಬಂದರೆ ಬ್ಯಾಟರಿ, ತಂತಿ, ಸೊಲೆನಾಯ್ಡ್ (ಸ್ಟಾರ್ಟರಿಗೆ ಕರೆಂಟ್ ಹಾಯಿಸುವ ಸ್ವಿಚ್) ಈ ಕ್ರಮದಲ್ಲಿ ನೋಡಿ. ಸದ್ದೇ ಇಲ್ಲದಿದ್ದರೆ ಫ್ಯೂಸ್, ಆಮೇಲೆ ನ್ಯೂಟ್ರಲ್ ಸ್ವಿಚ್. ಒಮ್ಮೆಗೆ 5 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ಮೋಟರ್ ಸುಡುತ್ತದೆ.

ಕಂಪ್ರೆಶನ್ ಅಳೆಯುವ ಕ್ರಮ

ಬೈಕ್ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಕಂಪ್ರೆಶನ್ ಗೇಜ್ ಸಾಕು. ಅದರ ಮರೆ (ತಿರುಪಿನ ಸುತ್ತು) ನಿಮ್ಮ ಪ್ಲಗ್ಗಿನ ಮರೆಯಷ್ಟೇ ಅಗಲ, ಅಷ್ಟೇ ಉದ್ದವಿರಬೇಕು. ಉದ್ದವಾದ ಅಡಾಪ್ಟರ್ ಹಾಕಿದರೆ ಪಿಸ್ಟನ್ ಬಂದು ಅದಕ್ಕೇ ಬಡಿಯುತ್ತದೆ.

ಸಾಧ್ಯವಿದ್ದರೆ ಇಂಜಿನನ್ನು ನೀರಿನ ಡ್ರಮ್ಮಿನಲ್ಲಿ ಓಡಿಸಿ ಬಿಸಿ ಮಾಡಿಕೊಳ್ಳಿ. ನಿಲ್ಲಿಸಿ, ಎರಡೂ ಪ್ಲಗ್ ತೆಗೆಯಿರಿ. ಸ್ಟಾಪ್ ಕ್ಲಿಪ್ ಕಳಚಿರಲಿ, ಪ್ಲಗ್ ತಂತಿಗಳನ್ನು ಬ್ಲಾಕಿಗೆ ತಾಗಿಸಿ ಕಟ್ಟಿ. ಇಲ್ಲದಿದ್ದರೆ ಕಿಡಿ ಹಾರಿ ಪೆಟ್ರೋಲ್ ಆವಿ ಹೊತ್ತಿಕೊಳ್ಳಬಹುದು, ಕಿಡಿ ಕೊಡುವ ಸಿಡಿಐ ಘಟಕವೂ ಹಾಳಾಗಬಹುದು. ಥ್ರಾಟಲ್ ಪೂರ್ತಿ ತೆರೆಯಿರಿ, ಚೋಕ್ ಬೇಡ. ಗೇಜ್ ಬಿಗಿದು, ಮುಳ್ಳು ಏರುವುದು ನಿಲ್ಲುವವರೆಗೆ ಒಂದೇ ರಭಸದಲ್ಲಿ ಐದಾರು ಸಲ ಎಳೆಯಿರಿ. ಬರೆದಿಟ್ಟುಕೊಂಡು, ಎರಡನೇ ಸಿಲಿಂಡರಿಗೂ ಅಷ್ಟೇ ಸಲ ಎಳೆಯಿರಿ.

ಸಣ್ಣ ಪೆಟ್ರೋಲ್ ಟೂ-ಸ್ಟ್ರೋಕ್ ಸುಸ್ಥಿತಿಯಲ್ಲಿದ್ದರೆ ಸಾಮಾನ್ಯವಾಗಿ 100 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 7 ಕೆಜಿ ಒತ್ತಡ ದಾಟುತ್ತದೆ. ಸೀಮೆಎಣ್ಣೆ ಇಂಜಿನ್ನಿನ ಕಂಪ್ರೆಶನ್ ಕಂಪನಿಯಿಂದಲೇ ಕಡಿಮೆ. ಪಕ್ಕದವರ ಪೆಟ್ರೋಲ್ ಇಂಜಿನ್ನಿನ ಅಂಕಿಗೆ ಹೋಲಿಸಿ ಗಾಬರಿಯಾಗಬೇಡಿ. ಫೋರ್-ಸ್ಟ್ರೋಕ್‌ನಲ್ಲಿ ಸುಲಭವಾಗಿ ಎಳೆಯಲೆಂದು ಡಿಕಂಪ್ರೆಶನ್ ವ್ಯವಸ್ಥೆ ಇದ್ದರೆ ಅಲ್ಲೂ ಅಂಕಿ ತಗ್ಗುತ್ತದೆ. ಒಟ್ಟು ಅಂಕಿಗಿಂತ ಎರಡು ಸಿಲಿಂಡರುಗಳ ನಡುವಿನ ಅಂತರ ಹೆಚ್ಚು ಹೇಳುತ್ತದೆ. ಶೇ. 10ರಿಂದ 15ರೊಳಗಿದ್ದರೆ ಚಿಂತೆಯಿಲ್ಲ. ಒಂದು 105, ಇನ್ನೊಂದು 70 ಎಂದು ಬಂದರೆ ಆ ಎರಡನೆಯದರಲ್ಲಿ ತೊಂದರೆಯಿದೆ.

ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ, ಸುಮಾರು 5 ಮಿಲಿ ಆಯಿಲ್ ಬಿಟ್ಟು, ಒಮ್ಮೆ ಎಳೆದು ಹರಡಿ, ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಇಲ್ಲವೇ ಬೋರ್ ಸವೆದಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ. ಹೆಡ್ ಸುತ್ತ ಸಾಬೂನು ನೀರು ಸವರಿ ಎಳೆದಾಗ ಗುಳ್ಳೆ ಎದ್ದರೆ ಸಂಶಯ ನಿಜ. ಎರಡೂ ಸಿಲಿಂಡರ್ ಒಟ್ಟಿಗೆ ಕುಸಿದಿದ್ದರೆ ಎರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರಬಹುದು. ಕಂಪ್ರೆಶನ್ ಸರಿಯಿದ್ದೂ ಕಾರ್ಬ್ಯುರೇಟರ್ ಬಾಯಿಂದ ಇಂಧನ ಹಿಂದಕ್ಕೆ ಉಗಿದರೆ ರೀಡ್ ವಾಲ್ವಿನ (ಇಂಧನ ಒಳಗೆ ಮಾತ್ರ ಹೋಗಲು ಬಿಡುವ ಕವಾಟದ) ತಗಡು ಮುರಿದಿದೆ ಅಥವಾ ಬಾಗಿದೆ.

ಹೆಡ್ ತೆಗೆದರೆ ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ದಪ್ಪ ಗಾಜಿನ ಮೇಲೆ 400 ನಂಬರಿನ ಉಪ್ಪುಕಾಗದ ಇಟ್ಟು ಹೆಡ್ಡನ್ನು ಮೆಲ್ಲಗೆ ಉಜ್ಜಿ. ಅಲ್ಲಲ್ಲಿ ಮಾತ್ರ ಹೊಳೆದರೆ ಹೆಡ್ ಬಾಗಿದೆ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಹಂತದಲ್ಲಿ, ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ಬಿಗಿಯಿರಿ. ರಿಂಗ್ ಬದಲಿಸುವಾಗ ಅದರ ಎರಡು ತುದಿಗಳು ಪಿಸ್ಟನ್ ತೋಡಿನ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು. ತಪ್ಪಿದರೆ ರಿಂಗ್ ಸಿಲಿಂಡರ್ ಗೋಡೆಯ ಕಿಂಡಿಗೆ (ಪೋರ್ಟ್) ಸಿಕ್ಕಿ ಮುರಿಯುತ್ತದೆ.

ರಿಂಗ್ ಹಾಳಾಗುವುದು ಯಾಕೆ

ಸೀಮೆಎಣ್ಣೆ ಮಸಿ ಹೆಚ್ಚು ಕಟ್ಟುತ್ತದೆ, ಮಸಿ ಪಿಸ್ಟನ್ನಿನ ತೋಡಿನಲ್ಲಿ ತುಂಬಿ ರಿಂಗ್ ಅಂಟಿಕೊಳ್ಳುತ್ತದೆ. ಆಯಿಲ್ ಕಡಿಮೆಯಾದರೆ ಬೋರ್ ಗೀರುತ್ತದೆ. 50:1 ಎಂದರೆ 5 ಲೀಟರಿಗೆ 100 ಮಿಲಿ ಟೂ-ಸ್ಟ್ರೋಕ್ ಆಯಿಲ್, 25:1 ಎಂದರೆ 200 ಮಿಲಿ. ನಿಮ್ಮ ಮಾಡೆಲಿಗೆ ಎಷ್ಟು ಎಂದು ಕೈಪಿಡಿಯಲ್ಲಿ ನೋಡಿ, ಅಂದಾಜಿಗೆ ಸುರಿಯಬೇಡಿ.

ಎಲ್ಲಕ್ಕಿಂತ ದೊಡ್ಡ ಶತ್ರು ಬಿಸಿ. ಅಳಿವೆಯ ಮರಳು ಎಳೆದುಕೊಂಡ ತಂಪುನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆಯುತ್ತದೆ, ಉಪ್ಪು ಕಟ್ಟಿ ನೀರಿನ ದಾರಿ ಮುಚ್ಚುತ್ತದೆ. ಇಂಜಿನ್ ಹಿಂದಿನಿಂದ ಬರುವ ನೀರಿನ ಎಳೆ ಸಣ್ಣಗಾಯಿತೆಂದರೆ ಕೂಡಲೇ ನಿಲ್ಲಿಸಿ. ಪ್ರತಿ ದಿನ ಸಿಹಿನೀರಿನಲ್ಲಿ 10 ನಿಮಿಷ ಓಡಿಸಿ, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಇಂಪೆಲ್ಲರ್ ಬದಲಿಸಿ.

ದೋಣಿ ಮಗುಚಿ ಇಂಜಿನ್ ಮುಳುಗಿದರೆ

ಹೊತ್ತು ಕಳೆದಷ್ಟೂ ತುಕ್ಕು ಹೆಚ್ಚು. ಮೇಲೆತ್ತಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ತೆಗೆದು, ತೂತುಗಳು ಕೆಳಮುಖವಾಗುವಂತೆ ಮಲಗಿಸಿ ನಿಧಾನಕ್ಕೆ ಎಳೆದು ನೀರು ಬಸಿಯಿರಿ. ಓಡುತ್ತಿರುವಾಗಲೇ ಮುಳುಗಿದ್ದು, ತಿರುಗಿಸುವಾಗ ಎಲ್ಲಾದರೂ ತಡೆದರೆ ಅಲ್ಲಿಗೇ ನಿಲ್ಲಿಸಿ, ಫಿಟ್ಟರಿಗೆ ತೋರಿಸಿ. ಸಲೀಸಾಗಿದ್ದರೆ ಕಾರ್ಬ್ಯುರೇಟರ್ ಬಸಿದು, ಸಿಲಿಂಡರಿಗೆ ಆಯಿಲ್ ಬಿಟ್ಟು, ಹೊಸ ಪೆಟ್ರೋಲ್ ಮತ್ತು ಒಣ ಪ್ಲಗ್ ಹಾಕಿ ಅದೇ ದಿನ ಅರ್ಧ ಗಂಟೆ ಓಡಿಸಿ. ಓಡಿಸಲು ಆಗದಿದ್ದರೆ ಸಿಲಿಂಡರಿಗೂ ಕ್ರ್ಯಾಂಕ್‌ಕೇಸಿಗೂ ಆಯಿಲ್ ತುಂಬಿಸಿ, ಗಾಳಿ ತಾಗದಂತೆ ಇಡಿ.

ಇಂಜಿನ್ ಚೆನ್ನಾಗಿರುವಾಗಲೇ ಒಮ್ಮೆ ಕಂಪ್ರೆಶನ್ ಅಳೆದು, ಎರಡೂ ಅಂಕಿ ಮತ್ತು ದಿನಾಂಕವನ್ನು ಮೇಲ್ಮುಚ್ಚಳದ ಒಳಬದಿಗೆ ಅಳಿಸದ ಮಾರ್ಕರಿನಲ್ಲಿ ಬರೆದಿಡಿ. ಮುಂದೆ ಹೋಲಿಸಬೇಕಾದ್ದು ಆ ಅಂಕಿಗೆ.