ಸೈಕಲ್ಲಿನ ಹಿಂದೆ ಮಗು, ಸೈಕಲ್ಲಿನ ಹಿಂದೆ ನಾಯಿ: ಟ್ರೇಲರ್ ಎಳೆಯುವವರಿಗೆ, ಬಿದ್ದವರಿಗೆ

ನನ್ನ ಟ್ರೇಲರ್, ಅಂದರೆ ಸೈಕಲ್ಲಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಗಾಡಿ, ಎರಡು ಸಲ ಮಗುಚಿದೆ. ಮೊದಲ ಸಲ ಒಳಗಿದ್ದದ್ದು ಗುಂಡ, ನಮ್ಮ 11 ವರ್ಷದ ನಾಯಿ. ಎರಡನೇ ಸಲ ಮಗಳು. ಮೊದಲನೆಯದಕ್ಕೆ ಪೂರ್ತಿ ನಾನೇ ಕಾರಣ. ಎರಡನೆಯದಕ್ಕೆ ಒಂದು ಕಾರು ಕಾರಣ. ಆದರೆ ಕಾರು ಗುದ್ದಿದ ಮೇಲಿನ ಐದು ನಿಮಿಷದಲ್ಲಿ ನಾನು ಮಾಡಿದ ತಪ್ಪುಗಳಿಗೆ ಕಾರಿನವರನ್ನು ದೂರಿ ಉಪಯೋಗವಿಲ್ಲ.

ಕೊಳ್ಳುವ ವಿಷಯ ಬೇಗ ಮುಗಿಸುತ್ತೇನೆ. ಮಕ್ಕಳ ಟ್ರೇಲರ್ ಬೇರೆ, ನಾಯಿಯ ಟ್ರೇಲರ್ ಬೇರೆ. ಮಕ್ಕಳದ್ದಕ್ಕೆ ಸುತ್ತ ಗಟ್ಟಿ ಚೌಕಟ್ಟು ಇರುತ್ತದೆ, ಮಗುಚಿದರೂ ತಲೆ ನೆಲಕ್ಕೆ ತಾಗದ ಹಾಗೆ. ಐದು ಕಡೆ ಹಿಡಿಯುವ ಬೆಲ್ಟ್ ಇರುತ್ತದೆ. ನಾಯಿಯದ್ದರಲ್ಲಿ ಇವೆರಡೂ ಇರುವುದಿಲ್ಲ, ಸಪಾಟಾದ ನೆಲ ಇರುತ್ತದೆ. ಆದ್ದರಿಂದ ನಾಯಿಯ ಟ್ರೇಲರಿನಲ್ಲಿ ಮಗುವನ್ನು ಕೂರಿಸಬೇಡಿ, "ಇಲ್ಲೇ ಪಕ್ಕಕ್ಕೆ ಹೋಗಿ ಬರುತ್ತೇನೆ" ಅಂತಲೂ ಬೇಡ. ಮಗು ಮತ್ತು ನಾಯಿಯನ್ನು ಒಟ್ಟಿಗೆ ಹಾಕುವುದಂತೂ ಬೇಡವೇ ಬೇಡ. ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಬ್ರೇಕ್ ಹಾಕಿದಾಗ 20 ಕಿಲೋ ನಾಯಿ ಎಲ್ಲಿಗೆ ಬಂದು ಬೀಳುತ್ತದೆ ಅಂತ ಯೋಚಿಸಿ.

ಒಂದು ವರ್ಷ ತುಂಬದ ಮಗುವನ್ನು ಸೈಕಲ್ಲಿನಲ್ಲಾಗಲೀ ಟ್ರೇಲರಿನಲ್ಲಾಗಲೀ ಒಯ್ಯಬೇಡಿ ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಹೆಲ್ಮೆಟ್ಟಿನ ಭಾರ ಹೊತ್ತು ನೆಟ್ಟಗೆ ಕೂರುವಷ್ಟು ಕುತ್ತಿಗೆ ಗಟ್ಟಿಯಾಗಿರಬೇಕು. ಇನ್ನೊಂದು ಸಣ್ಣ ವಿಷಯ ನನಗೆ ತಡವಾಗಿ ತಿಳಿಯಿತು. ಹೆಲ್ಮೆಟ್ಟಿನ ಹಿಂಭಾಗ ಸೀಟಿಗೆ ಒತ್ತಿ ಮಗುವಿನ ತಲೆಯನ್ನು ಮುಂದಕ್ಕೆ ಬಗ್ಗಿಸುತ್ತದೆ. ಒಳ್ಳೆಯ ಟ್ರೇಲರುಗಳಲ್ಲಿ ತಲೆಯ ಹಿಂದೆ ಹೆಲ್ಮೆಟ್ಟಿಗೆ ಅಂತಲೇ ಬಲೆಯಂಥ ಜಾಗ ಬಿಟ್ಟಿರುತ್ತಾರೆ. ಕೊಳ್ಳುವಾಗ ಮಗುವಿಗೆ ಹೆಲ್ಮೆಟ್ ಹಾಕಿಯೇ ಕೂರಿಸಿ ನೋಡಿ.

ಕೊಂಡಿ

ಟ್ರೇಲರ್ ಸೈಕಲ್ಲಿಗೆ ಸೇರುವ ಕೊಂಡಿಯ ಮೇಲೆ ಎಲ್ಲವೂ ನಿಂತಿದೆ. ಸಾಮಾನ್ಯವಾಗಿ ಅದು ಹಿಂದಿನ ಚಕ್ರದ ಆಕ್ಸಲಿನ ಎಡ ತುದಿಗೆ ಬರುತ್ತದೆ. ಬಲಗಡೆ ಚೈನು, ಗೇರು ಇರುತ್ತವಲ್ಲ, ಅದಕ್ಕೆ. ನಿಮ್ಮ ಸೈಕಲ್ಲಿಗೆ ಥ್ರೂ ಆಕ್ಸಲ್ (ಚಕ್ರದ ನಡುವೆ ತೂರಿಸಿ ಫ್ರೇಮಿಗೇ ತಿರುಗಿಸಿ ಬಿಗಿಯುವ ದಪ್ಪ ಸಲಾಕೆ) ಇದ್ದರೆ ಟ್ರೇಲರಿನ ಜೊತೆ ಬಂದ ಕೊಂಡಿ ಹಾಗೇ ಕೂರುವುದಿಲ್ಲ. ಅದಕ್ಕೆ ಬೇರೆ ಉದ್ದದ ಆಕ್ಸಲ್ ಬೇಕು. ಬರೀ ಉದ್ದ ಸರಿಹೋದರೆ ಸಾಲದು, ಥ್ರೆಡ್ಡಿನ, ಅಂದರೆ ತಿರುಪಿನ ಗೆರೆಗಳ, ಅಂತರವೂ ಹೊಂದಬೇಕು. ಅದು 1, 1.5, 1.75 ಮಿಲಿಮೀಟರ್ ಹೀಗೆ ಬೇರೆ ಬೇರೆ ಇರುತ್ತದೆ. ಕಣ್ಣಂದಾಜಿನಲ್ಲಿ ತಿಳಿಯುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಫ್ರೇಮೇ ಹಾಳು. ಹಳೆಯ ಆಕ್ಸಲನ್ನೇ ಬಿಚ್ಚಿ ಕೈಯಲ್ಲಿ ಹಿಡಿದು ಮೆಕ್ಯಾನಿಕ್ ಹತ್ತಿರ ಹೋಗಿ.

ಕೊಂಡಿಯ ಜೊತೆ ಒಂದು ಪಟ್ಟಿಯೂ ಇರುತ್ತದೆ. ಅದನ್ನು ಸೈಕಲ್ಲಿನ ಫ್ರೇಮಿಗೆ ಸುತ್ತಿ ಸಿಕ್ಕಿಸಬೇಕು. ಪಿನ್ನು ಜಾರಿ ಬಿದ್ದರೂ ಟ್ರೇಲರ್ ಒಂಟಿಯಾಗಿ ಇಳಿಜಾರಿನಲ್ಲಿ ಹೋಗಬಾರದು ಅಂತ. ಇದನ್ನು ಹಾಕದೆ ಓಡಿಸುವವರು ಬಹಳ ಜನ. ನಾನು ಮಗುವನ್ನು ಕೂರಿಸುವ ಮೊದಲೇ ಕೊಂಡಿ, ಪಿನ್ನು, ಪಟ್ಟಿ ಮೂರನ್ನೂ ಹಾಕಿ, ಟ್ರೇಲರಿನ ಎಳೆಯುವ ಕಂಬಿ ಹಿಡಿದು ಜೋರಾಗಿ ಅಲ್ಲಾಡಿಸುತ್ತೇನೆ. ಮಗು ಹತ್ತುವುದು ಕೊನೆಗೆ, ಇಳಿಯುವುದು ಮೊದಲು.

ಭಾರ ಎಲ್ಲಿ ಕೂತಿದೆ ಅಂತಲೂ ನೋಡಿ. ಎಲ್ಲ ತುಂಬಿಸಿದ ಮೇಲೆ ಎಳೆಯುವ ಕಂಬಿಯನ್ನು ಕೈಯಲ್ಲಿ ಎತ್ತಿದರೆ ಸ್ವಲ್ಪ ತೂಕ ಸಿಗಬೇಕು. ಕಂಬಿ ತಾನಾಗೇ ಮೇಲಕ್ಕೆ ಹೋಗುತ್ತಿದ್ದರೆ ಭಾರ ಹಿಂದಕ್ಕೆ ಜಾಸ್ತಿಯಾಗಿದೆ ಅಂತ ಅರ್ಥ. ಆಗ ಅದು ಸೈಕಲ್ಲಿನ ಹಿಂದಿನ ಚಕ್ರವನ್ನು ಎತ್ತುತ್ತದೆ, ಹಿಂದಿನ ಬ್ರೇಕ್ ಹಿಡಿತ ಬಿಡುತ್ತದೆ. ನಾನು ಮಗಳ ಬ್ಯಾಗನ್ನು ಸೀಟಿನ ಹಿಂದಿನ ಡಬ್ಬಿಯಲ್ಲಿ ತುರುಕುವುದನ್ನು ನಿಲ್ಲಿಸಿದ್ದು ಇದಕ್ಕೇ.

ಗುಂಡನ ಪಾಠ

ಗುಂಡನಿಗೆ ಸೊಂಟದ ಕೀಲು ಸವೆದಿದೆ. ಅರ್ಧ ದಾರಿಗೆ ಕೂತುಬಿಡುತ್ತಾನೆ. ಮನೆಯಲ್ಲಿ ಬಿಟ್ಟರೆ ಊಳಿಡುತ್ತಾನೆ. ಟ್ರೇಲರ್ ಬಂದ ದಿನವೇ ಅವನನ್ನು ಎತ್ತಿ ಒಳಗೆ ಹಾಕಿ ಜಿಪ್ ಎಳೆದೆ. ಎರಡೇ ನಿಮಿಷಕ್ಕೆ ಬಲೆ ಹರಿದ. ತಪ್ಪು ಅವನದಲ್ಲ.

ಮತ್ತೆ ಮೊದಲಿಂದ ಶುರು ಮಾಡಿದೆ. ಟ್ರೇಲರನ್ನು ಸೈಕಲ್ಲಿನಿಂದ ಬಿಚ್ಚಿ, ಅಲ್ಲಾಡದ ಹಾಗೆ ಚಕ್ರಕ್ಕೆ ಅಡ್ಡ ಕೊಟ್ಟು, ಬಾಗಿಲು ತೆರೆದು ಮನೆಯೊಳಗೆ ಇಟ್ಟೆ. ಅವನು ಮಲಗುವ ಹಾಸಿಗೆಯನ್ನೇ ಒಳಗೆ ಹಾಸಿದೆ. ಮೂರನೇ ದಿನ ತಾನೇ ಹೋಗಿ ಮಲಗಿದ. ಆಮೇಲೆ ಬಾಗಿಲು ಹಾಕುವುದು, ಆಮೇಲೆ ಕೈಯಿಂದ ಹತ್ತು ಹೆಜ್ಜೆ ತಳ್ಳುವುದು, ಆಮೇಲೆ ಸೈಕಲ್ಲಿಗೆ ಕಟ್ಟಿ ಐದು ನಿಮಿಷ. ಎರಡು ವಾರ ಹಿಡಿಯಿತು. ವಯಸ್ಸಾದ ನಾಯಿಗೆ ಅಷ್ಟು ಕೊಡಿ.

ಒಳಗೆ ಬಿಗಿಯುವ ಹಗ್ಗವನ್ನು ನಾನು ಅವನ ಕೊರಳ ಪಟ್ಟಿಗೆ ಕಟ್ಟಿದ್ದೆ. ಇದು ದೊಡ್ಡ ತಪ್ಪು ಅಂತ ಟ್ರೇಲರ್ ಮಗುಚಿದ ದಿನ ಗೊತ್ತಾಯಿತು. ಕಡಿದಾದ ತಿರುವು. ವೇಗ 15 ಕಿಲೋಮೀಟರ್ ಇದ್ದಿರಬೇಕು. ಸೈಕಲ್ ಆರಾಮಾಗಿ ತಿರುಗಿತು. ಆದರೆ ಟ್ರೇಲರಿನ ಒಳಗಡೆಯ ಚಕ್ರ ಸೈಕಲ್ ಹೋದ ಜಾಗದಲ್ಲೇ ಬರುವುದಿಲ್ಲ, ಇನ್ನೂ ಒಳಕ್ಕೆ ಕೊಯ್ದುಕೊಂಡು ಬರುತ್ತದೆ. ಫುಟ್‌ಪಾತಿನ ಅಂಚು ಹತ್ತಿತು, ಒಂದು ಪಕ್ಕ ಎದ್ದಿತು, ಮಗುಚಿತು. ಕೊಂಡಿ ತಿರುಗುವಂಥದ್ದಾದ್ದರಿಂದ ಸೈಕಲ್ ಬೀಳಲಿಲ್ಲ. ನಾನು ಹಿಂದಿರುಗಿ ನೋಡಿದರೆ ಗುಂಡ ಕೊರಳಿನಿಂದ ತೂಗುತ್ತಿದ್ದ. ಬಿಚ್ಚಲು ಕೆಲವೇ ಕ್ಷಣ ಆಯಿತು, ಅವನಿಗೆ ಏನೂ ಆಗಲಿಲ್ಲ. ಈಗ ಎದೆಗೆ ಹಾಕುವ ಹಾರ್ನೆಸ್ಸಿಗೇ ಕಟ್ಟುತ್ತೇನೆ. ಹಗ್ಗ ಗಿಡ್ಡ. ಏಳಬಹುದು, ಮಲಗಬಹುದು, ಹೊರಗೆ ಹಾರಲು ಆಗಬಾರದು.

ನನ್ನ ಟ್ರೇಲರಿನ ಕೈಪಿಡಿ ನೇರ ರಸ್ತೆಗೆ ಹೆಚ್ಚೆಂದರೆ 24 ಕಿಲೋಮೀಟರ್, ತಿರುವಿಗೆ 8 ಅನ್ನುತ್ತದೆ. 8 ಅಂದರೆ ಯಾರೋ ನಿಧಾನವಾಗಿ ಓಡಿದ ಹಾಗೆ. ಓದಿದಾಗ ನಗು ಬಂದಿತ್ತು. ಈಗ ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ, ಅಗಲವಾಗಿ ತಿರುಗುತ್ತೇನೆ. ತಿರುಗುತ್ತಾ ಬ್ರೇಕ್ ಹಾಕುವುದಿಲ್ಲ, ಒದ್ದೆ ರಸ್ತೆಯಲ್ಲಂತೂ ಇಲ್ಲ. ಹಿಂದಿನ ಭಾರ ಸೈಕಲ್ಲನ್ನು ತಳ್ಳುತ್ತದೆ. ಇದನ್ನೆಲ್ಲ ಮಗುವನ್ನು ಕೂರಿಸಿಕೊಂಡು ಕಲಿಯಬೇಡಿ. ಮಗುವಿನಷ್ಟೇ ತೂಕದ ಮರಳಿನ ಚೀಲವನ್ನು ಬೆಲ್ಟಿನಿಂದ ಬಿಗಿದು ಖಾಲಿ ಮೈದಾನದಲ್ಲಿ ಒಂದು ಗಂಟೆ ಸುತ್ತಿ. ನಾಲ್ಕು ಸಲ ಅಂಚಿಗೆ ತಾಗಿಸುತ್ತೀರಿ. ಚೀಲ ಬೈಯುವುದಿಲ್ಲ.

ಟೈರಿಗೆ ಗಾಳಿಯನ್ನು ಪಕ್ಕದಲ್ಲಿ ಬರೆದಷ್ಟೇ ತುಂಬಿ. ಜಾಸ್ತಿ ತುಂಬಿದರೆ ಖಾಲಿ ಟ್ರೇಲರ್ ಗುಂಡಿಯಲ್ಲಿ ಚೆಂಡಿನ ಹಾಗೆ ಪುಟಿಯುತ್ತದೆ. ಸೈಕಲ್ಲಿನ ಹಿಂದಿನ ಕೆಂಪು ದೀಪ ಟ್ರೇಲರಿನ ಮರೆಗೆ ಹೋಗುತ್ತದೆ, ಆದ್ದರಿಂದ ಟ್ರೇಲರಿಗೇ ಒಂದು ದೀಪ ಹಾಕಿ. ಎತ್ತರದ ಬಾವುಟವನ್ನು ಹಗಲಲ್ಲೂ ತೆಗೆಯಬೇಡಿ. ಟ್ರೇಲರ್ ಕುಳ್ಳಗಿರುತ್ತದೆ, ಹತ್ತಿರ ನಿಂತ ಕಾರಿನ ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ.

ಕಾರು ಗುದ್ದಿದ ದಿನ

ದೀಪವೂ ಇತ್ತು, ಬಾವುಟವೂ ಇತ್ತು. ಕೂಡು ರಸ್ತೆಯಲ್ಲಿ ಕಾರೊಂದು ನನ್ನನ್ನು ನೋಡಿ ನಿಧಾನಿಸಿತು. ನಾನು ದಾಟಿದೆ ಅಂದುಕೊಂಡು ತಿರುಗಿತು. ಹಿಂದೆ ಇನ್ನೂ ಒಂದೂವರೆ ಮೀಟರ್ ಇದೆ ಅನ್ನುವುದು ಅವರಿಗೆ ಹೊಳೆಯಲಿಲ್ಲ. ಟ್ರೇಲರಿನ ಚಕ್ರಕ್ಕೆ ತಾಗಿತು. ನಾನು ಒಂದು ಕಡೆ, ಟ್ರೇಲರ್ ಪಕ್ಕಕ್ಕೆ ಮಗುಚಿ ಇನ್ನೊಂದು ಕಡೆ.

ನಾನು ಎದ್ದು ಓಡಿದೆ, ಬೆಲ್ಟ್ ಬಿಚ್ಚಿದೆ, ಮಗಳು ದೊಪ್ಪನೆ ಕೆಳಗಿನ ಪಕ್ಕಕ್ಕೆ ಬಿದ್ದಳು. ಎಳೆದು ಎದೆಗೆ ಒತ್ತಿಕೊಂಡೆ. ಯಾವ ತಾಯಿಯೂ ಅದನ್ನೇ ಮಾಡುತ್ತಾಳೆ, ಅಲ್ವಾ? ಆದರೂ ತಪ್ಪೇ. ಆಮೇಲೆ ಪ್ರಥಮ ಚಿಕಿತ್ಸೆಯ ತರಗತಿಗೆ ಹೋದಾಗ ಕಲಿತ ಕ್ರಮ ಇದು.

ಮೊದಲು ರಸ್ತೆ ನೋಡಿ. ಇನ್ನೊಂದು ಗಾಡಿ ಬಂದು ಗುದ್ದಬಾರದು. "ಯಾರಾದರೂ ಬನ್ನಿ" ಅಂದರೆ ಯಾರೂ ಬರುವುದಿಲ್ಲ. ಒಬ್ಬರ ಕಡೆ ಕೈ ತೋರಿಸಿ "ನೀಲಿ ಶರ್ಟಿನವರೇ, ಗಾಡಿಗಳನ್ನು ನಿಲ್ಲಿಸಿ" ಅನ್ನಿ. ಇನ್ನೊಬ್ಬರಿಗೆ "ನೀವು ಆಂಬುಲೆನ್ಸಿಗೆ ಫೋನ್ ಮಾಡಿ, ಮಾಡಿದ್ದೀರಿ ಅಂತ ನನಗೆ ಹೇಳಿ" ಅನ್ನಿ. 112 ಹಲವು ದೇಶಗಳಲ್ಲಿ ನಡೆಯುತ್ತದೆ. ನಿಮ್ಮಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನು ಕಂಬಿಯ ಮೇಲೇ ಬರೆದಿಡಿ.

ಆಮೇಲೆ ಮಗು. ಬೆಂಕಿ, ಪೆಟ್ರೋಲ್, ನಿಲ್ಲದ ಗಾಡಿಗಳು ಇಲ್ಲದಿದ್ದರೆ ತಕ್ಷಣ ಎತ್ತಬೇಡಿ. ಜೋರಾಗಿ ಅಳುತ್ತಿದ್ದರೆ ಉಸಿರು ಆಡುತ್ತಿದೆ ಅಂತ ಅರ್ಥ. ಸುಮ್ಮನಿರುವ ಮಗುವಿಗೇ ಹೆಚ್ಚು ಹೆದರಬೇಕು. ಮುಖ ಹತ್ತಿರ ತಂದು ಮಾತಾಡಿಸಿ. ಕೈ ಕಾಲು ಆಡಿಸುತ್ತಿದೆಯಾ, ರಕ್ತ ಎಲ್ಲಿ, ಕುತ್ತಿಗೆ ನೋವು ಅನ್ನುತ್ತಿದೆಯಾ ನೋಡಿ. ಕುತ್ತಿಗೆ ನೋವಿದ್ದರೆ ತಲೆಯ ಎರಡೂ ಪಕ್ಕ ಕೈ ಇಟ್ಟು ಅಲ್ಲಾಡದಂತೆ ಹಿಡಿದು ಕಾಯಿರಿ. ಉಸಿರಾಡುತ್ತಿರುವ ತನಕ ಹೆಲ್ಮೆಟ್ ತೆಗೆಯಬೇಡಿ. ಬೆಲ್ಟ್ ಬಿಚ್ಚಲೇಬೇಕಾದರೆ, ಒಬ್ಬರು ಮೈಯನ್ನು ಕೆಳಗಿನಿಂದ ಆಧಾರವಾಗಿ ಹಿಡಿದ ಮೇಲೆ ಬಿಚ್ಚಿ.

ಎಚ್ಚರವಿಲ್ಲ, ಆದರೆ ಉಸಿರಿದೆ ಅಂದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ನಿಧಾನವಾಗಿ ಮಗ್ಗುಲಿಗೆ ಹೊರಳಿಸಿ. ವಾಂತಿ, ರಕ್ತ ಗಂಟಲಿಗೆ ಹೋಗಬಾರದು. ಉಸಿರೇ ಇಲ್ಲದಿದ್ದರೆ ಎದೆ ಒತ್ತಬೇಕು. ಎದೆಯ ಮಧ್ಯೆ, ಎದೆಯ ದಪ್ಪದ ಮೂರನೇ ಒಂದರಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. 30 ಸಲ ಒತ್ತಿದ ಮೇಲೆ 2 ಸಲ ಬಾಯಿಂದ ಉಸಿರು. ಫೋನನ್ನು ಸ್ಪೀಕರಿನಲ್ಲಿ ಇಡಿ, ಆ ಕಡೆಯವರು ಹೇಳಿಕೊಡುತ್ತಾರೆ. ಆದರೂ ಒಮ್ಮೆ ಗೊಂಬೆಯ ಮೇಲೆ ಕಲಿತಿರಿ. ಓದಿದ್ದು ಆ ಹೊತ್ತಿಗೆ ನೆನಪಾಗುವುದಿಲ್ಲ, ಕೈಗೆ ಗೊತ್ತಿರುವುದು ಮಾತ್ರ ಬರುತ್ತದೆ.

ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ. ನಿಂತಿತಾ ಅಂತ ಎತ್ತೆತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು. ಯಾರೋ ನೀರು ತರುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಕುಡಿಸಬೇಡಿ. ಆಪರೇಷನ್ ಬೇಕಾದೀತು.

ಒಳಗೆ ನಾಯಿ ಇದ್ದಿದ್ದರೆ? ಮೊದಲು ಹಗ್ಗ ಹಿಡಿಯಿರಿ, ಬಾಗಿಲು ಆಮೇಲೆ. ಹೆದರಿದ ನಾಯಿ ನೇರ ರಸ್ತೆಗೇ ಓಡುತ್ತದೆ. ನೋವಾದ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಮುಖದ ಹತ್ತಿರ ಮುಖ ಒಯ್ಯಬೇಡಿ. ಬಟ್ಟೆಯ ಪಟ್ಟಿಯಿಂದ ಬಾಯಿ ಕಟ್ಟಬಹುದು. ಆದರೆ ಅದು ವಾಂತಿ ಮಾಡುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ, ಅಥವಾ ಚಪ್ಪಟೆ ಮೂತಿಯ ತಳಿಯಾದರೆ ಕಟ್ಟಬೇಡಿ. ತುಟಿ ಎತ್ತಿ ವಸಡಿನ ಮೇಲೆ ಬೆರಳು ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ಬಿಳಿಚಿಕೊಂಡೇ ಇದ್ದರೆ ಒಳಗೆ ರಕ್ತ ಸೋರುತ್ತಿರಬಹುದು, ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಕಂಬಳಿಯ ಮೇಲೋ ಮಲಗಿಸಿ ಓಡಿ. ಎದ್ದು ಬಾಲ ಆಡಿಸಿದರೂ ಪಶುವೈದ್ಯರಿಗೆ ತೋರಿಸಿ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ, ಐಬುಪ್ರೊಫೆನ್ ನಾಯಿಗೆ ವಿಷ.

ನನ್ನ ಎರಡನೇ ತಪ್ಪು ಬಾಯಿಯದು. ಕಾರಿನವರು ನಡುಗುತ್ತಾ ಇಳಿದರು. ಅವರನ್ನು ಸಮಾಧಾನ ಮಾಡಲು "ಪರವಾಗಿಲ್ಲ, ನನ್ನದೂ ತಪ್ಪಿದೆ" ಅಂದೆ. ಇರಲಿಲ್ಲ. ವಿಮೆಯವರು ವಾರಗಟ್ಟಲೆ ಆ ಒಂದು ಮಾತನ್ನು ಹಿಡಿದು ನನ್ನನ್ನು ಆಡಿಸಿದರು. ಜಗಳ ಬೇಡ, ಕ್ಷಮೆಯೂ ಬೇಡ. ಹೆಸರು, ಫೋನ್, ಗಾಡಿಯ ನಂಬರ್, ವಿಮೆಯ ವಿವರ ಕೇಳಿ. ಗಾಡಿಗಳನ್ನು ಸರಿಸುವ ಮೊದಲೇ ಫೋಟೋ ತೆಗೆಯಿರಿ: ದೂರದಿಂದ ಇಡೀ ಜಾಗ, ಹತ್ತಿರದಿಂದ ಚಕ್ರ, ಕೊಂಡಿ, ಬೆಲ್ಟ್. ನೋಡಿದವರಲ್ಲಿ ಇಬ್ಬರ ನಂಬರಾದರೂ ಬೇಕು, ಹತ್ತು ನಿಮಿಷದಲ್ಲಿ ಎಲ್ಲರೂ ಚದುರುತ್ತಾರೆ. ಪೊಲೀಸರಿಗೆ ತಿಳಿಸಿ. ಅಲ್ಲೇ ಸ್ವಲ್ಪ ದುಡ್ಡು ತಗೊಂಡು ಮುಗಿಸೋಣ ಅಂದರೆ ಒಪ್ಪಬೇಡಿ, ಏಟು ಎಷ್ಟು ಅಂತ ಆಗ ಯಾರಿಗೂ ಗೊತ್ತಿರುವುದಿಲ್ಲ.

ನನಗೂ ಗೊತ್ತಿರಲಿಲ್ಲ. ಮಗಳಿಗೆ ಮೊಣಕೈ ತರಚಿತ್ತು, ಅಷ್ಟೇ. ನನ್ನ ಮಣಿಕಟ್ಟು ಉಳುಕಿದೆ ಅಂದುಕೊಂಡೆ, ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ನೋವು ಹೋಗದೆ ಎರಡು ವಾರದ ಮೇಲೆ ಮತ್ತೆ ತೆಗೆಸಿದಾಗ ಅಲ್ಲಿನ ಪುಟ್ಟ ಮೂಳೆ ಸೀಳಿತ್ತು. ಕೈಯೂರಿ ಬಿದ್ದವರಿಗೆ ಇದು ಸಾಮಾನ್ಯ, ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತದಂತೆ. ಮಗುವಿನ ಗಡಿಬಿಡಿಯಲ್ಲಿ ನಿಮ್ಮ ಮೈಯನ್ನೂ ನೋಡಿಕೊಳ್ಳಿ.

ಮಗುವಿನ ತಲೆಗೆ ಪೆಟ್ಟಾದ ಅನುಮಾನ ಇದ್ದರೆ ಎರಡು ದಿನ ಕಣ್ಣಿಡಿ. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಚಿಕ್ಕದು, ಮೂಗು ಕಿವಿಯಿಂದ ನೀರಿನಂಥದ್ದು ಸೋರುವುದು, ಫಿಟ್ಸ್, ಎಷ್ಟು ಸಮಾಧಾನ ಮಾಡಿದರೂ ನಿಲ್ಲದ ಅಳು: ಇವುಗಳಲ್ಲಿ ಒಂದು ಕಂಡರೂ ಬೆಳಗಿನ ತನಕ ಕಾಯದೆ ಆಸ್ಪತ್ರೆಗೆ ಹೋಗಿ.

ಇಬ್ಬರ ಹೆಲ್ಮೆಟ್ಟೂ ಬದಲಾಯಿಸಿದೆವು. ಒಳಗಿನ ಥರ್ಮೋಕೋಲಿನಂಥ ಪದರ ಒಂದೇ ಏಟಿಗೆ ಇರುವುದು, ಹೊರಗೆ ಗೀರಿಲ್ಲದಿದ್ದರೂ ಒಳಗೆ ಕುಗ್ಗಿರುತ್ತದೆ. ಟ್ರೇಲರ್ ನೋಡಲು ಸರಿಯಾಗೇ ಇತ್ತು. ಅಲ್ಯೂಮಿನಿಯಂ ಕೊಳವೆಯ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಕೊಂಡಿಯೂ ತಿರುಚಿಕೊಂಡಿರಬಹುದು. ವಿಮೆಯ ಲೆಕ್ಕ ಮುಗಿಯುವ ತನಕ ಅದನ್ನು ಹಾಗೇ ಇಟ್ಟುಕೊಂಡಿದ್ದೆ. ಆಮೇಲೆ ಗುಜರಿಗೆ ಹಾಕುವ ಮೊದಲು ಬೆಲ್ಟುಗಳನ್ನೆಲ್ಲ ಕತ್ತರಿಯಿಂದ ಕತ್ತರಿಸಿದೆ. ಇಲ್ಲದಿದ್ದರೆ ಯಾರೋ ಎತ್ತಿಕೊಂಡು ಹೋಗಿ, ತೊಳೆದು, ತಮ್ಮ ಮಗುವನ್ನು ಕೂರಿಸುತ್ತಾರೆ.